ಸವೆತ ನಿಂತಿತು, ಚಿಪ್ಪು ಹತ್ತಿತು

ನೋವಾ ಸ್ಕೋಶಿಯಾಕ್ಕೆ ಹೋಗಿ ಬಂದ ಸಮರಾಂಗ್ ಎಂಬ ಯುದ್ಧನೌಕೆ 1825ರ ಜನವರಿಯಲ್ಲಿ ಇಂಗ್ಲೆಂಡಿಗೆ ಮರಳಿತು. ಪೋರ್ಟ್ಸ್‌ಮತ್‌ನಲ್ಲಿ ಡಾಕ್ ಸೇರಿದ ಅದರ ತಳದಲ್ಲಿ ಪಾಚಿ ಮತ್ತು ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಕಿಕ್ಕಿರಿದಿವೆ ಎಂದು ಪತ್ರಿಕೆಗಳು ಬರೆದವು. ಸುದ್ದಿ ಓದಿ ಉರಿದುಬಿದ್ದವನು ನಾವಿಕನಲ್ಲ, ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಹಂಫ್ರಿ ಡೇವಿ. ಗಣಿ ಕಾರ್ಮಿಕರ ಜೀವ ಉಳಿಸಿದ ಸುರಕ್ಷಾ ದೀಪದ ಡೇವಿಯೇ ಇವನು. ತಾನೇ ಹೋಗಿ ತಳ ನೋಡಿದ್ದೇನೆ, ತಾಮ್ರದ ತಳ ಸವೆಯದಿರಲೆಂದು ತಾನೇ ಹಾಕಿಸಿದ್ದ ಹಿಂಬದಿಯ ಕಬ್ಬಿಣದ ತುಂಡುಗಳ ಸುತ್ತ ಒಂದಿಷ್ಟು ಬಿಟ್ಟರೆ ಮುಂಬದಿಯ ಸೀಸದ ಹೊದಿಕೆಯವರೆಗೂ ಒಂದು ಚಿಪ್ಪಾಗಲಿ ಪಾಚಿಯ ಎಳೆಯಾಗಲಿ ಇರಲಿಲ್ಲ, ಸುದ್ದಿಗೆ ತಲೆಬುಡವಿಲ್ಲ ಎಂದು ಆ ವರ್ಷದ ವೈಜ್ಞಾನಿಕ ಪ್ರಬಂಧದಲ್ಲೇ ಬರೆದ. ಲೋಹ, ವಿದ್ಯುತ್ತು ಎನ್ನುತ್ತ ಗಂಭೀರವಾಗಿ ಸಾಗುವ ಬರಹದ ನಡುವೆ ಪತ್ರಕರ್ತರ ಮೇಲಿನ ಈ ಸಿಟ್ಟು ಇಣುಕುತ್ತದೆ.

ಸಮರಾಂಗ್ ನಮ್ಮ ಕಡೆಯದೇ ಹಡಗು. ಕೊಚ್ಚಿಯಲ್ಲಿ ತೇಗದಲ್ಲಿ ಕಟ್ಟಿ, ತಳಕ್ಕೆ ತಾಮ್ರದ ತಗಡು ಹೊಡೆದು, 1822ರ ಹೊಸ ವರ್ಷದ ದಿನ ನೀರಿಗಿಳಿಸಿದ್ದು. ಮಲಬಾರ್ ಮತ್ತು ಕೆನರಾ ಕಾಡುಗಳ ತೇಗ ಮುಂಬೈಯ ಹಡಗುಕಟ್ಟೆಗೆ ಸಾಲುಸಾಲಾಗಿ ಸಾಗುತ್ತಿದ್ದ ಕಾಲ ಅದು.

ಇನ್ನೂರು ವರ್ಷ ಹಳೆಯ ಈ ರಗಳೆ ಈಗೇಕೆ ಎಂದರೆ, ಇಂದು ಬೋಟಿನ ಎಂಜಿನ್ ತಂಪು ಮಾಡುವ ಕಡಲ ನೀರಿನ ಪೈಪಿನಲ್ಲಿ ಚಿಪ್ಪು ಹತ್ತದಂತೆ ಯಾವ ವ್ಯವಸ್ಥೆ ಹಾಕಿಸಬೇಕು ಎಂದು ತಲೆ ಕೆರೆದುಕೊಳ್ಳುವವರು ಆಡುತ್ತಿರುವುದು ಅದೇ ಪಂದ್ಯ. ಅವರ ಮುಂದೆ ಬಣ್ಣಬಣ್ಣದ ಕೆಟಲಾಗು ಹಿಡಿದು ಏಜೆಂಟರು ನಿಲ್ಲುತ್ತಾರೆ. ಮೆರೀನ್ ಗ್ರೋತ್ ಪ್ರಿವೆನ್ಷನ್ ಸಿಸ್ಟಮ್, ಚುಟುಕಾಗಿ ಎಂ.ಜಿ.ಪಿ.ಎಸ್. ಒಮ್ಮೆ ಜೋಡಿಸಿದರೆ ಮರೆತುಬಿಡಬಹುದಂತೆ. ಡೇವಿಗೂ ಹಾಗೇ ಅನ್ನಿಸಿತ್ತು.

ತಾಮ್ರದ ಕತೆ ಅವನಿಗಿಂತ ಹಳೆಯದು. ಉಷ್ಣವಲಯದ ಕಡಲಿನಲ್ಲಿ ಮರದ ಹಡಗಿಗೆ ಎರಡು ಪೀಡೆ: ಮರವನ್ನು ಒಳಗಿಂದ ಕೊರೆದು ಜರಡಿ ಮಾಡುವ ಹುಳು, ಹೊರಗೆ ಮೆತ್ತಿಕೊಂಡು ವೇಗ ತಗ್ಗಿಸುವ ಚಿಪ್ಪು ಮತ್ತು ಪಾಚಿ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ 32 ತೋಪಿನ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸಿಗೆ ಕಳಿಸಿತು. 1763ರಲ್ಲಿ ತಪಾಸಣೆ ನಡೆದಾಗ ತಳವೇನೋ ಶುಭ್ರವಾಗಿತ್ತು, ಆದರೆ ತಗಡು ಬಿಗಿದ ಕಬ್ಬಿಣದ ಮೊಳೆಗಳು ಹಲವೆಡೆ ಕರಗಿಹೋಗಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಕಾರಣ ಹುಡುಕಿದರೆ ಸಿಕ್ಕಿದ್ದು ಕಂದು ಕಾಗದ. ತಗಡುಗಳನ್ನು ಸುತ್ತಿ ತಂದಿದ್ದ ಪೊಟ್ಟಣದ ಕಾಗದವನ್ನು ಯಾರೋ ಸೋಮಾರಿ ಕೆಲಸಗಾರ ಪೂರ್ತಿ ಬಿಚ್ಚದೆ ಹಾಗೇ ಹೊಡೆದಿದ್ದಿರಬೇಕು. ಕಾಗದ ಅಡ್ಡ ಬಂದು ತಾಮ್ರ ಕಬ್ಬಿಣವನ್ನು ಮುಟ್ಟದಿದ್ದಲ್ಲಿ ಮೊಳೆ ಉಳಿದಿತ್ತು. ಲೋಹ ಮತ್ತು ವಿದ್ಯುತ್ತಿನ ನಂಟು ತೋರಿದ ಗಾಲ್ವಾನಿಯ ಕಪ್ಪೆ, ವೋಲ್ಟಾನ ಬ್ಯಾಟರಿ ಯಾವುದೂ ಇನ್ನೂ ಬಂದಿರದ ದಿನಗಳಲ್ಲಿ, ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ ಎಂದು ಆ ಹರಕು ಕಾಗದ ತೋರಿಸಿಕೊಟ್ಟಿತು. ಆ ಸೋಮಾರಿಯ ಹೆಸರು ಇತಿಹಾಸಕ್ಕೆ ಸಿಕ್ಕಿದ್ದರೆ ಅವನಿಗೊಂದು ಪ್ರತಿಮೆ ನಿಲ್ಲಿಸಬಹುದಿತ್ತು.

1780ರ ಸುಮಾರಿಗೆ ಇಡೀ ನೌಕಾಪಡೆ ತಾಮ್ರ ತೊಟ್ಟಿತು, ಕಬ್ಬಿಣದ ಮೊಳೆಗಳ ಜಾಗಕ್ಕೆ ತಾಮ್ರದ ಮಿಶ್ರಲೋಹದವು ಬಂದವು. ಉಳಿದದ್ದು ಒಂದೇ ದೂರು: ತಾಮ್ರವೇ ಸವೆಯುತ್ತಿತ್ತು, ಮತ್ತೆಮತ್ತೆ ಹೊಸ ತಗಡು ಹೊಡೆಯಬೇಕಿತ್ತು. ದುಡ್ಡಿನ ಬಾಬ್ತು. 1823ರಲ್ಲಿ ನೌಕಾ ಮಂಡಳಿ ಈ ದೂರನ್ನು ರಾಯಲ್ ಸೊಸೈಟಿಗೆ ಒಪ್ಪಿಸಿತು, ಅಧ್ಯಕ್ಷನೇ ಅದನ್ನು ಎತ್ತಿಕೊಂಡ.

ಡೇವಿಯ ಉತ್ತರ ಇಂದಿಗೂ ಬೆರಗು ಹುಟ್ಟಿಸುವಷ್ಟು ಸರಳ. ಅಲಾರ್ಮ್ ಹಡಗಿನಲ್ಲಿ ತಾಮ್ರಕ್ಕಾಗಿ ಕಬ್ಬಿಣ ಸತ್ತಿತಲ್ಲ, ಅದನ್ನೇ ಬೇಕೆಂದು ಮಾಡಿದರೆ? ತಾಮ್ರದ ತಗಡಿಗೆ ತಾಗುವಂತೆ ಸತುವಿನದೋ ಬೀಡುಕಬ್ಬಿಣದ್ದೋ ಒಂದು ತುಂಡು ಕೂರಿಸಿದರೆ ಸವೆಯುವುದು ಆ ತುಂಡು, ತಾಮ್ರ ಉಳಿಯುತ್ತದೆ. ತಾಮ್ರದ ಹರವಿನ ನೂರರಲ್ಲೊಂದು ಭಾಗದಷ್ಟು ಸಣ್ಣ ತುಂಡೂ ಸಾಕು ಎಂದು ಪ್ರಯೋಗಗಳಲ್ಲಿ ಕಂಡಿತು. 1824ರ ಜನವರಿಯಲ್ಲಿ ಪ್ರಬಂಧ ಓದಿದ, ಮಾರ್ಚಿನಲ್ಲಿ ಸಮರಾಂಗ್‌ಗೆ ತುಂಡುಗಳು ಹತ್ತಿದವು. ಬೇಸಿಗೆಯಲ್ಲಿ ಕಾಮೆಟ್ ಎಂಬ ಉಗಿಹಡಗು ಹತ್ತಿ ನಾರ್ವೆಯ ಕಡೆ ಪ್ರಯೋಗಕ್ಕೆ ಹೊರಟ.

ಅದೇ 1824ರ ಜನವರಿಯಲ್ಲಿ ಇನ್ನೊಂದು ಘಟನೆ. ಡೇವಿಯ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯುತ್ತ ಬೆಳೆದ ಮೈಕೆಲ್ ಫ್ಯಾರಡೆ ರಾಯಲ್ ಸೊಸೈಟಿಯ ಸದಸ್ಯನಾದ, ಅದೂ ಗುರುವಿನ ವಿರೋಧದ ನಡುವೆ. ಹಾಗಿದ್ದೂ ತಾಮ್ರದ ಪ್ರಯೋಗಗಳಲ್ಲಿ ಡೇವಿಗೆ ಕೈಜೋಡಿಸಿದವರಲ್ಲಿ ಅವನೂ ಇದ್ದ. ಗುರುವಿನ ಮುನಿಸು, ಶಿಷ್ಯನ ಮೌನ ದುಡಿಮೆ, ನಡುವೆ ಹಸಿರುಗಟ್ಟಿದ ತಗಡು: ನಾಟಕಕ್ಕೆ ಇದಕ್ಕಿಂತ ಬೇಕೆ?

ತಾಮ್ರದ ಸವೆತ ಡೇವಿ ಹೇಳಿದಂತೆಯೇ ನಿಂತಿತು. ಸಮರಾಂಗ್ ಕೂಡ ಅವನ ಮಾನ ಉಳಿಸಿತು. ಆದರೆ ಬೇರೆ ಹಡಗುಗಳು ಒಂದೊಂದಾಗಿ ಬಂದಂತೆ ತಳಗಳಲ್ಲಿ ಬಾರ್ನಕಲ್, ಪಾಚಿ. ಪತ್ರಿಕೆಗಳ ಸುಳ್ಳು ಕೆಲವೇ ತಿಂಗಳಲ್ಲಿ ನಿಜವಾಯಿತು. 1825ರ ನಡುವಿಗೆ ಸಮುದ್ರಯಾನದ ಹಡಗುಗಳಿಂದ ತುಂಡುಗಳನ್ನು ಕಿತ್ತುಹಾಕುವಂತೆ ಆದೇಶ ಹೊರಟಿತು, 1828ರಲ್ಲಿ ಉಳಿದವುಗಳ ಸರದಿ. ಅಷ್ಟರಲ್ಲಿ ಡೇವಿಯ ಆರೋಗ್ಯ ಕುಸಿದಿತ್ತು, ಅಧ್ಯಕ್ಷಗಿರಿಯನ್ನೂ ಬಿಟ್ಟಿದ್ದ. 1829ರಲ್ಲಿ ಜಿನೀವಾದಲ್ಲಿ ಐವತ್ತರ ಪ್ರಾಯದಲ್ಲಿ ತೀರಿಕೊಂಡ.

ಆಗಿದ್ದಿಷ್ಟು. ತಾಮ್ರದ ತಳ ಶುಭ್ರವಾಗಿರುತ್ತಿದ್ದುದೇ ತಾಮ್ರ ಕರಗುತ್ತಿದ್ದುದರಿಂದ. ತಗಡಿನಿಂದ ಸದಾ ಕಳಚಿಕೊಳ್ಳುವ ತಾಮ್ರದ ಅಂಶ, ಅಂಟಿಕೊಳ್ಳಲು ಬರುವ ಮರಿಗಳಿಗೆ ವಿಷ. ಕರಗುವುದನ್ನು ನಿಲ್ಲಿಸಿದ ಡೇವಿ ವಿಷವನ್ನೂ ನಿಲ್ಲಿಸಿದ. ಮೇಲಾಗಿ ಹಾಗೆ ಕಾಪಾಡಿದ ತಾಮ್ರದ ಮೇಲೆ ಕಡಲ ನೀರಿನ ಸುಣ್ಣ, ಮೆಗ್ನೀಷಿಯಾ ತೆಳ್ಳಗೆ ಕಟ್ಟುತ್ತದೆ. ಚಿಪ್ಪಿನ ಜೀವಿಗೆ ಅದಕ್ಕಿಂತ ಒಳ್ಳೆಯ ನಿವೇಶನವಿಲ್ಲ.

ಇಂಗ್ಲಿಷ್ ಜೀವನಚರಿತ್ರೆಕಾರರು ಇದನ್ನು ಮಹಾಪುರುಷನ ಮುಗ್ಗರಿಕೆ ಎಂದು ಒಂದು ಅಧ್ಯಾಯದಲ್ಲಿ ಮುಗಿಸಿ ಮುಂದೆ ಹೋಗುವುದು ನನಗೆ ಹಿಡಿಸದ ಸಂಗತಿ. ಇಂದು ಯಾವ ಉಕ್ಕಿನ ಬೋಟಿನ ತಳ ನೋಡಿದರೂ ಸಾಲಾಗಿ ಬಿಗಿದ ಸತುವಿನ ಬಿಲ್ಲೆಗಳಿರುತ್ತವೆ. ನೆಲದಡಿಯ ತೈಲದ ಕೊಳವೆಗಳನ್ನು ಕಾಯುವುದೂ ಅದೇ ಉಪಾಯ. ಅವನು ಸೋತದ್ದು ಚಿಪ್ಪಿನ ಕೈಯಲ್ಲಿ ಮಾತ್ರ.

ಮುಂದಿನ ಸುಮಾರು ನೂರೆಂಬತ್ತು ವರ್ಷವನ್ನು ಬೇಗ ದಾಟಬಹುದು. ಕಬ್ಬಿಣದ ಹಡಗು ಬಂತು, ಅದಕ್ಕೆ ನೇರವಾಗಿ ತಾಮ್ರ ಹೊಡೆದರೆ ಅಲಾರ್ಮ್ ಕತೆಯೇ ಮರುಕಳಿಸುವುದರಿಂದ ವಿಷ ಬೆರೆಸಿದ ಬಣ್ಣಗಳು ಬಂದವು. ಅವುಗಳಲ್ಲಿ ತವರದ ಸಂಯುಕ್ತ ಟಿಬಿಟಿ ಎಷ್ಟು ಪರಿಣಾಮಕಾರಿಯೆಂದರೆ ಫ್ರಾನ್ಸಿನ ಆರ್ಕಶಾಂ ಕೊಲ್ಲಿಯ ಸಿಂಪಿ ಕೃಷಿಯನ್ನೇ ಹಾಳುಗೆಡವಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, ಜಗತ್ತಿನ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು.

ಈ ನಡುವೆ ಚಿಪ್ಪು ಹೊರಗಿನಿಂದ ಒಳಕ್ಕೆ ಹೊಕ್ಕಿತ್ತು. ಎಂಜಿನ್ ಬಂದ ಮೇಲೆ ಹಡಗು ಕಡಲ ನೀರನ್ನು ಹೊಟ್ಟೆಗೆ ಎಳೆದುಕೊಳ್ಳಬೇಕಾಯಿತು. ತಳಕ್ಕೆ ಬಣ್ಣ ಬಳಿಯಬಹುದು, ಮುಳುಗುಗಾರನನ್ನು ಇಳಿಸಿ ಕೆರೆಸಬಹುದು. ಪೈಪಿನೊಳಗೆ ಕೈ ಹೋಗುವುದಿಲ್ಲ. ಒಳಗೆ ಕತ್ತಲು, ತಿನ್ನಲು ಬರುವ ಶತ್ರುವಿಲ್ಲ, ಪಂಪು ನಡೆಯುವಷ್ಟು ಹೊತ್ತೂ ಆಹಾರ ಮತ್ತು ಆಮ್ಲಜನಕ ತಾನಾಗಿ ಮುಂದೆ ಹರಿಯುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಂತೆ. ಮರಿಗಳು ತೀರಾ ಚಿಕ್ಕವಾದ್ದರಿಂದ ಸ್ಟ್ರೇನರಿನ ಜಾಲರಿ ಅವಕ್ಕೆ ತೆರೆದ ಬಾಗಿಲು. ಬೆಳೆದು ಸತ್ತ ಚಿಪ್ಪು ಕಳಚಿ ಹೋಗಿ ಕೂಲರಿನ ಸಣ್ಣ ನಳಿಕೆಯಲ್ಲಿ ಸಿಕ್ಕಿಕೊಂಡಾಗಲೇ ಎಂಜಿನ್ ಬಿಸಿಯಾಗಿ ಮಾಲೀಕನಿಗೆ ಸಂಗತಿ ಗೊತ್ತಾಗುವುದು.

ಈ ಜೀವಿಯ ಹಟ ಎಂಥದ್ದೆಂದು ತಿಳಿಯಲು ಕಲ್ಪಾಕ್ಕಂ ನೋಡಬೇಕು. ಅಲ್ಲಿನ ಮದ್ರಾಸ್ ಅಣು ವಿದ್ಯುತ್ ಕೇಂದ್ರ ಕಡಲತಳದಡಿ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಸುರಂಗದಿಂದ ತಂಪು ನೀರು ಎಳೆಯುತ್ತದೆ. ಸುರಂಗದಲ್ಲಿ ನೆಲೆಸಿದ್ದು, ಪಚ್ಚಿಲೆ, ನೀಲಿಕಲ್ಲು ಎಂದು ಕರೆದು ನಮ್ಮ ಕರಾವಳಿಯವರು ಸುಕ್ಕ ಮಾಡಿ ಉಣ್ಣುವ ಹಸಿರು ಚಿಪ್ಪಿನ ಜೀವಿ. ಭಾಭಾ ಅಣು ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಅದರ ಬೆನ್ನುಬಿದ್ದರು. ನೀರಿಗೆ ಕ್ಲೋರಿನ್ ಬಿಟ್ಟರೆ ಪಚ್ಚಿಲೆ ಚಿಪ್ಪು ಮುಚ್ಚಿ ದಿನಗಟ್ಟಲೆ ಉಸಿರು ಬಿಗಿಹಿಡಿದು ಕೂರುತ್ತದೆ, ಕ್ಲೋರಿನ್ ನಿಂತಾಗ ತೆರೆದುಕೊಳ್ಳುತ್ತದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಹೆಚ್ಚು ಸುರಿಯುವುದಕ್ಕಿಂತ ಸದಾ ಸ್ವಲ್ಪಸ್ವಲ್ಪ ಬಿಡುವುದೇ ಮೇಲು. ದೊಡ್ಡ ಹಡಗುಗಳೂ ಸ್ಥಾವರಗಳೂ ಇದಕ್ಕಾಗಿ ಕಡಲ ನೀರನ್ನೇ ಟೈಟಾನಿಯಮ್ ಎಲೆಕ್ಟ್ರೋಡುಗಳ ನಡುವೆ ಹಾಯಿಸಿ ಹೈಪೋಕ್ಲೋರೈಟ್ ತಯಾರಿಸಿಕೊಳ್ಳುತ್ತವೆ. ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ, ಅದನ್ನು ಹೊರಹಾಕುವ ದಾರಿ ಬೇಕು. ಸಣ್ಣ ಬೋಟಿನ ಇಕ್ಕಟ್ಟಾದ ಎಂಜಿನ್ ಕೋಣೆಗೆ ಈ ಸಂಸಾರ ಬೇಡ.

ಹಡಗುಗಳಲ್ಲಿ ಹೆಚ್ಚು ಬಳಕೆಗೆ ಬಂದ ಇನ್ನೊಂದು ವಿಧಾನವೇ ನನ್ನ ಮೆಚ್ಚಿನದು, ಏಕೆಂದರೆ ಅದು ಡೇವಿಯನ್ನು ತಲೆಕೆಳಗು ನಿಲ್ಲಿಸಿದ್ದು. ನೀರು ಒಳಬರುವ ಸೀ ಚೆಸ್ಟ್ ಅಥವಾ ಸ್ಟ್ರೇನರಿನಲ್ಲಿ ತಾಮ್ರದ ದಪ್ಪ ಆನೋಡ್ ಇಟ್ಟು, ವಿದ್ಯುತ್ ಹರಿಸಿ ಅದನ್ನು ಬೇಕೆಂದೇ ಕರಗಿಸುತ್ತಾರೆ. ಅವನು ತಡೆದದ್ದನ್ನೇ ಇವರು ದುಡ್ಡು ಕೊಟ್ಟು ಮಾಡಿಸುತ್ತಾರೆ. ಎಷ್ಟು ಕರಗಬೇಕೆಂಬ ಲೆಕ್ಕ ಫ್ಯಾರಡೆ 1834ರಲ್ಲಿ ಕೊಟ್ಟ ನಿಯಮದ್ದು: ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.19 ಗ್ರಾಂ ತಾಮ್ರ. ಗಂಟೆಗೆ ಹತ್ತು ಸಾವಿರ ಲೀಟರ್ ನೀರೆಳೆಯುವ ಬೋಟಿನಲ್ಲಿ ನೂರು ಕೋಟಿ ಭಾಗ ನೀರಿಗೆ ಎರಡು ಭಾಗ ತಾಮ್ರ ಬೆರೆಸುವುದಾದರೆ ಗಂಟೆಗೆ 20 ಮಿಲಿಗ್ರಾಂ ಸಾಕು. ಹಗಲು ರಾತ್ರಿ ವರ್ಷವಿಡೀ ನಡೆಸಿದರೂ ಖರ್ಚಾಗುವುದು 175 ಗ್ರಾಂ. ಗುರುವನ್ನು ಮುಳುಗಿಸಿದ ಸಮಸ್ಯೆಗೆ ಶಿಷ್ಯನ ಗಣಿತದಲ್ಲಿ ಉತ್ತರ ಸಿಕ್ಕಿತು.

ಇದರ ಜೊತೆ ಇನ್ನೊಂದು ಆನೋಡ್ ಇರುತ್ತದೆ. ಉಕ್ಕಿನ ಪೈಪಾದರೆ ಅಲ್ಯುಮಿನಿಯಮ್, ತಾಮ್ರ-ನಿಕ್ಕಲ್ ಪೈಪಾದರೆ ಕಬ್ಬಿಣ. ಅದು ಪೈಪಿನ ಒಳಮೈ ಕಾಯಲು. ಆದರೆ ಬೋಟೇ ಅಲ್ಯುಮಿನಿಯಮ್ಮಿನದಾದರೆ ತಾಮ್ರ ಕರಗಿಸುವ ಯಾವ ಯಂತ್ರವನ್ನೂ ಹತ್ತಿರ ಸೇರಿಸಬೇಡಿ. ನೀರಿನ ತಾಮ್ರ ಅಲ್ಯುಮಿನಿಯಮ್ ಮೇಲೆ ಕೂತು ಅಲ್ಲಲ್ಲೇ ತೂತು ಕೊರೆಯುತ್ತದೆ. ಅಲ್ಲಿ ಅಡ್ಡ ಬರಲು ಕಂದು ಕಾಗದವೂ ಇರುವುದಿಲ್ಲ.

ಏನನ್ನೂ ಕರಗಿಸದೆ, ಕೇಳಿಸದ ಸದ್ದಿನಿಂದ ಮರಿಗಳನ್ನು ಓಡಿಸುತ್ತೇವೆನ್ನುವ ಅಲ್ಟ್ರಾಸೌಂಡ್ ಪೆಟ್ಟಿಗೆಗಳೂ ಈಗ ಬಂದಿವೆ. ವಿಷವಿಲ್ಲ ಎಂಬ ಮಾತು ನಿಜ. ಆದರೆ ಫಲಿತಾಂಶ ಒಂದು ಬೋಟಿನಂತೆ ಇನ್ನೊಂದರಲ್ಲಿಲ್ಲ. ಲೋಹದ ಮೈಯಲ್ಲಿ ಹರಿಯುವ ಸದ್ದು ನಡುವೆ ರಬ್ಬರ್ ಹೋಸ್ ಬಂದರೆ ಅಲ್ಲೇ ಸೊರಗುತ್ತದೆ.

ಕೆಟಲಾಗುಗಳಲ್ಲಿ ಕಾಣಸಿಗದ ಉಪಾಯಗಳೂ ಇವೆ. ತಾಮ್ರ-ನಿಕ್ಕಲ್ 90/10 ಪೈಪು ಯಾವ ಯಂತ್ರವಿಲ್ಲದೆಯೂ ಚಿಪ್ಪನ್ನು ದೂರ ಇಡುತ್ತದೆ. ಆದರೆ ಅದನ್ನು ಉಕ್ಕಿಗೋ ಸತುವಿನ ಬಿಲ್ಲೆಗೋ ತಾಗಿಸಿ ಜೋಡಿಸಿದರೆ ಆ ಗುಣ ಹೋಯಿತು. ಡೇವಿಯ ಪಾಠ ಓದದ ಫಿಟ್ಟರುಗಳು ಇದನ್ನು ಇಂದೂ ಮಾಡುತ್ತಾರೆ. ಮತ್ತೊಂದು ಉಪಾಯ ಬರೀ ಸಿಹಿನೀರು. ನದಿಯೊಳಗೆ ಹಡಗು ತಂದು ನಿಲ್ಲಿಸಿ ಕಡಲ ಹುಳು, ಚಿಪ್ಪುಗಳನ್ನು ಸಾಯಿಸುವುದು ಹಳೆಯ ನಾವಿಕರಿಗೆ ಗೊತ್ತಿದ್ದ ವಿದ್ಯೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಉಕ್ಕಿ ಮಂಗಳೂರಿನ ಧಕ್ಕೆಯ ನೀರಿನ ಉಪ್ಪು ಇಳಿಸುವಾಗ ತಳದ ಮಟ್ಟಿಗೆ ಆ ಕೆಲಸ ಪುಕ್ಕಟೆ ಆಗುತ್ತದೆ. ಪೈಪಿನೊಳಗೆ ಮಾತ್ರ ಮೇ ತಿಂಗಳ ಉಪ್ಪುನೀರು ಹಾಗೇ ನಿಂತಿರುತ್ತದೆ. ಅದರಲ್ಲಿದ್ದ ಜೀವಿಗಳು ಸತ್ತು ಕೊಳೆತು ಗಂಧಕದ ಅನಿಲ ಹುಟ್ಟಿ ದುಬಾರಿ ಪೈಪನ್ನೂ ತಿನ್ನುತ್ತದೆ.

ಆದ್ದರಿಂದ ಬೋಟು ಇಟ್ಟುಕೊಂಡವರಿಗೆ ನನ್ನ ತೀರ್ಪು ಇದು. ದಿನವೂ ಓಡುವ ಸಣ್ಣ ಬೋಟಿಗೆ ಯಂತ್ರ ಬೇಡ, ಬಿಚ್ಚಿ ತೊಳೆಯಬಹುದಾದ ಪೈಪಿಗೆ ಮತ್ತು ಎರಡು ಸ್ಟ್ರೇನರಿಗೆ ದುಡ್ಡು ಹಾಕಿ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿರುವ ದೊಡ್ಡ ಉಕ್ಕಿನ ಬೋಟಿಗೆ ತಾಮ್ರದ ಆನೋಡ್ ಸರಿ, ಆದರೆ ಪ್ಯಾನೆಲ್ಲಿನ ಆಂಪಿಯರ್ ಮುಳ್ಳು ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. ಯಾವ ವ್ಯವಸ್ಥೆಯ ಏಜೆಂಟ್ ಬಂದರೂ ಇದರಲ್ಲಿ ಕರಗಿ ಖರ್ಚಾಗುವುದು ಯಾವುದು, ಅದು ಮುಗಿದಾಗ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಅದಕ್ಕೆ ಮುಂಚೆ ಪೈಪಿನ ಉಪ್ಪುನೀರು ಬಸಿದು ಸಿಹಿನೀರು ತುಂಬಿಸಿಡಿ. ಅದಕ್ಕೆ ಒಂದು ಹೋಸು, ಒಂದು ನಲ್ಲಿ ಸಾಕು.