ದೇಶವಿಲ್ಲದವರ ಮತಪೆಟ್ಟಿಗೆ

ಬೆಂಗಳೂರು–ಕೋಲಾರ ಹೆದ್ದಾರಿಯ ಪಕ್ಕದ ನರಸಾಪುರದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳ ಸಾಲು ಕಾಣುತ್ತದೆ. ಇಲ್ಲಿ ಐಫೋನ್ ತಯಾರಾಗುತ್ತದೆ. 2020ರಲ್ಲಿ ತೈವಾನಿನ ವಿಸ್ಟ್ರಾನ್ ಶುರು ಮಾಡಿದ ಈ ಕೆಲಸ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. ಚೀನಾ ಒಂದನ್ನೇ ನೆಚ್ಚಿ ಕೂರುವುದು ಕ್ಷೇಮವಲ್ಲ ಎಂದು ಜಗತ್ತಿನ ದೊಡ್ಡ ಕಂಪನಿಗಳು ಹಾಕಿದ ಲೆಕ್ಕಾಚಾರ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹುಡುಗ ಹುಡುಗಿಯರಿಗೆ ತಿಂಗಳ ಸಂಬಳವಾಗಿ ಒದಗಿದೆ.

ಅದೇ 2020ರ ಜೂನ್ 29ರಂದು, ಗಲ್ವಾನ್ ಕಣಿವೆಯಲ್ಲಿ ನಮ್ಮ ಯೋಧರು ಹುತಾತ್ಮರಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ನಮ್ಮ ಊರುಗಳಲ್ಲಿ ಟಿಕ್‌ಟಾಕ್ ಹೋಯಿತೆಂಬುದೇ ದೊಡ್ಡ ಸುದ್ದಿ. ರಾಜ್ಯದ ಇನ್ನೊಂದು ತುದಿಯಲ್ಲಿ, ಟಿಬೆಟನ್ ನಿರಾಶ್ರಿತರ ಬೈಲಕುಪ್ಪೆಯಲ್ಲಿ ಮಾತ್ರ ಜನ ಮರುಗಿದ್ದು ವೀಚಾಟ್‌ಗಾಗಿ. ಟಿಬೆಟ್‌ನಲ್ಲಿ ಉಳಿದುಹೋದ ಅಪ್ಪ, ಅಮ್ಮ, ಒಡಹುಟ್ಟಿದವರ ದನಿ ಕೇಳಲು ಎಷ್ಟೋ ಕುಟುಂಬಗಳಿಗೆ ಇದ್ದ ದಾರಿ ಅದೊಂದೇ. ಆ ದಾರಿಯ ಮೇಲೂ ಚೀನಾದ ಕಣ್ಗಾವಲಿತ್ತು. ಹಾಗಾಗಿ ಮಾತು ಆರೋಗ್ಯ, ಮಳೆ, ಬೆಳೆಯಾಚೆಗೆ ಹೋಗುತ್ತಿರಲಿಲ್ಲ.

ತಾಯಿಯ ಜತೆ ನಾಲ್ಕು ಮಾತಾಡುವುದಕ್ಕೇ ಇಷ್ಟು ಕಷ್ಟವಿರುವಾಗ, ಆ ಗಡಿಯಾಚೆಗೆ ರಾಜಕೀಯ ಪ್ರಭಾವ ದಾಟುವುದು ಹೇಗೆ? ದೇಶ ಬಿಟ್ಟು ಬಂದ ವಿರೋಧ ಚಳವಳಿಯೊಂದು ತಾಯ್ನೆಲದ ನಿರಂಕುಶ ಆಡಳಿತವನ್ನು ಮಣಿಸಬಲ್ಲುದೇ? ಕರ್ನಾಟಕದ ಮಣ್ಣಿನಲ್ಲಿ ಆರು ದಶಕಗಳಿಗೂ ಮೀರಿ ಬೇರುಬಿಟ್ಟಿರುವ ಟಿಬೆಟನ್ನರ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡೇ ನೋಡಬೇಕು.

ಕಾಡು ಕಡಿದು ಕಟ್ಟಿದ ಊರು

ಲಾಸಾದಲ್ಲಿ ಜನ ಚೀನಾದ ವಿರುದ್ಧ ದಂಗೆಯೆದ್ದದ್ದು 1959ರ ಮಾರ್ಚ್ 10ರಂದು. ಒಂದು ವಾರದ ನಂತರ ರಾತ್ರಿ ಅರಮನೆ ಬಿಟ್ಟ ದಲೈಲಾಮಾ ಮಾರ್ಚ್ 31ರಂದು ತವಾಂಗ್ ಬಳಿ ಭಾರತದ ಗಡಿ ದಾಟಿದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಅವರಿಗೆಲ್ಲ ನೆಲೆ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಸ್ಪಂದಿಸಿದ್ದು ಮೈಸೂರು ರಾಜ್ಯ. ಅದಕ್ಕಾಗಿ ದಲೈಲಾಮಾ ಎಸ್. ನಿಜಲಿಂಗಪ್ಪನವರ ಹೆಸರನ್ನು ಮತ್ತೆ ಮತ್ತೆ ನೆನೆದಿದ್ದಾರೆ.

1960ರ ಡಿಸೆಂಬರಿನಲ್ಲಿ ಮೊದಲ ತಂಡ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದಿಳಿಯಿತು. ಸಿಕ್ಕಿದ್ದು ಸುಮಾರು 3,000 ಎಕರೆ ಜಾಗ, ಬಹುಪಾಲು ಕಾಡು. ಹಿಮದ ನಾಡಿನಲ್ಲಿ ಯಾಕ್ ಮೇಯಿಸುತ್ತಿದ್ದವರು ಇಲ್ಲಿ ಬಿದಿರುಮೆಳೆ ಕಡಿದರು, ಬೇರಿಗೆ ಬೆಂಕಿಯಿಟ್ಟು ನೆಲ ಹಸನು ಮಾಡಿದರು. ಸೆಕೆ, ಕಾಯಿಲೆ, ಆನೆಗಳ ಹಾವಳಿಗೆ ಎಷ್ಟೋ ಜನ ಬಲಿಯಾದರು. ಉಳಿದವರು ಇರುಳೆಲ್ಲ ಕಾವಲು ಕೂತು ಮುಸುಕಿನ ಜೋಳ ಬೆಳೆದರು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ವಸತಿಗಳಾದವು. ಸುತ್ತಲಿನವರ ಬಾಯಲ್ಲಿ ಇವೆಲ್ಲ ಇಂದಿಗೂ ‘ಕ್ಯಾಂಪ್’ಗಳೇ. ಭಾರತದ ರಾಜ್ಯಗಳ ಪೈಕಿ ಅತಿ ಹೆಚ್ಚು ಟಿಬೆಟನ್ ನಿರಾಶ್ರಿತರು ನೆಲೆಸಿದ್ದು ಕರ್ನಾಟಕದಲ್ಲಿ.

ಈ ಊರುಗಳಿಗೆ ನಾವು ಪ್ರವಾಸ ಹೋಗುತ್ತೇವೆ. ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಬರುತ್ತೇವೆ. ಅಲ್ಲಿ ನಡೆಯುತ್ತಿರುವ ರಾಜಕೀಯ ಪ್ರಯೋಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಸಿರು ಪುಸ್ತಕ ಹಿಡಿದ ಮತದಾರರು

ಐದು ವರ್ಷಕ್ಕೊಮ್ಮೆ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಚುನಾವಣೆ ನಡೆಯುತ್ತದೆ. ಅದಕ್ಕೂ ನಮ್ಮ ಚುನಾವಣಾ ಆಯೋಗಕ್ಕೂ ಸಂಬಂಧವಿಲ್ಲ. ಕೆಂಪು ನಿಲುವಂಗಿಯ ಭಿಕ್ಷುಗಳು, ಪಟ್ಟೆಪಟ್ಟೆಯ ಮುಂಗವಚ ಕಟ್ಟಿದ ಅಜ್ಜಿಯರು, ಜೀನ್ಸ್ ತೊಟ್ಟ ಯುವಕರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಹಸಿರು ರಟ್ಟಿನ ಪುಟ್ಟ ಪುಸ್ತಕ. ದೇಶಭ್ರಷ್ಟ ಆಡಳಿತಕ್ಕೆ ಸಲ್ಲಿಸಿದ ಸ್ವಯಂಪ್ರೇರಿತ ವಂತಿಗೆಯ ಲೆಕ್ಕ ಅದರಲ್ಲಿರುತ್ತದೆ. ಬಾಕಿ ಉಳಿಸಿಕೊಂಡವರಿಗೆ ಮತದಾನವಿಲ್ಲ. ಮೊದಲ ಸುತ್ತಿನಲ್ಲಿ ಮತದಾರರೇ ತಮಗೆ ಬೇಕಾದವರ ಹೆಸರು ಬರೆದು ಹಾಕುತ್ತಾರೆ. ಹೆಚ್ಚು ಬೆಂಬಲ ಸಿಕ್ಕವರು ಅಂತಿಮ ಸುತ್ತಿಗೆ ಹೋಗುತ್ತಾರೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಬೈಲಕುಪ್ಪೆಗೆ ಮೊದಲ ತಂಡ ಬರುವ ಮೂರು ತಿಂಗಳ ಮುಂಚೆ, 1960ರ ಸೆಪ್ಟೆಂಬರ್ 2ರಂದು, ಟಿಬೆಟನ್ನರ ಮೊದಲ ಜನಪ್ರತಿನಿಧಿಗಳು ಪ್ರಮಾಣ ವಚನ ಸ್ವೀಕರಿಸಿದ್ದರು. ತಲೆಗೆ ಸೂರಿಲ್ಲದ ಜನ ಮೊದಲು ಕಟ್ಟಿಕೊಂಡದ್ದು ಸಂಸತ್ತನ್ನು. 1963ರ ಸಂವಿಧಾನದ ಕರಡಿನಲ್ಲಿ, ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ದಲೈಲಾಮಾ ಅವರ ಅಧಿಕಾರವನ್ನೇ ಹಿಂಪಡೆಯಬಹುದು ಎಂಬ ವಿಧಿಯಿತ್ತು. ಜನ ಬೇಡವೆಂದರೂ ಅದನ್ನು ಉಳಿಸಿದವರು ಸ್ವತಃ ದಲೈಲಾಮಾ. 1991ರಲ್ಲಿ ಹೊಸ ಸನ್ನದು ಬಂತು. 2001ರಲ್ಲಿ ಕಾರ್ಯಾಂಗದ ಮುಖ್ಯಸ್ಥರಿಗೆ ನೇರ ಚುನಾವಣೆ ನಡೆಯಿತು. 2011ರಲ್ಲಿ ದಲೈಲಾಮಾ ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಚುನಾಯಿತರಿಗೆ ಬಿಟ್ಟುಕೊಟ್ಟರು.

ಸಂಸತ್ತಿನಲ್ಲಿ 45 ಸ್ಥಾನ. ಟಿಬೆಟ್‌ನ ಮೂರು ಪ್ರಾಂತ್ಯಗಳಿಗೆ ತಲಾ 10, ಐದು ಧಾರ್ಮಿಕ ಪರಂಪರೆಗಳಿಗೆ ತಲಾ 2, ಉಳಿದ ಐದು ಹೊರದೇಶಗಳಲ್ಲಿರುವವರಿಗೆ. 2021ರಲ್ಲಿ ಸಿಕ್ಯೊಂಗ್, ಅಂದರೆ ಆಡಳಿತದ ಮುಖ್ಯಸ್ಥರಾಗಿ ಗೆದ್ದ ಪೆನ್ಪಾ ಸೆರಿಂಗ್ 1967ರಲ್ಲಿ ಇದೇ ಬೈಲಕುಪ್ಪೆಯಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲೇ ಕಲಿತವರು.

ಈ ಪ್ರಜಾಪ್ರಭುತ್ವದಲ್ಲಿ ಜಗಳಗಳೂ ಇವೆ. ಪ್ರಾಂತ್ಯಗಳ ನಡುವಿನ ಮುನಿಸು ಇನ್ನೂ ಆರಿಲ್ಲ. 2021ರಲ್ಲಿ ಪ್ರಮಾಣ ವಚನದ ವಿವಾದಕ್ಕೆ ಸಂಸತ್ತು ತಿಂಗಳುಗಟ್ಟಲೆ ಕೂರಲಾಗಲಿಲ್ಲ. ಅದಕ್ಕೂ ಹಿಂದಿನ ಚುನಾವಣೆಯಲ್ಲಿ ಪೂರ್ಣ ಸ್ವಾತಂತ್ರ್ಯವೇ ಗುರಿ ಎಂದು ಸ್ಪರ್ಧೆಗಿಳಿದ ಲುಕಾರ್ ಜಾಮ್ ದಾರಿಗೆ ನಿಯಮಗಳೇ ಅಡ್ಡಬಂದವೆಂಬ ಟೀಕೆ ಎದ್ದಿತ್ತು. ಆದರೂ ಬೀದಿಯಲ್ಲಿ ನಿಂತು ತಮ್ಮ ಸರ್ಕಾರವನ್ನು ಬೈದು ನಿಶ್ಚಿಂತೆಯಿಂದ ಮನೆಗೆ ಹೋಗುವ ಟಿಬೆಟನ್ ಮನುಷ್ಯ ಲಾಸಾದಲ್ಲಿ ಸಿಗುವುದಿಲ್ಲ, ಬೈಲಕುಪ್ಪೆಯಲ್ಲಿ ಸಿಗುತ್ತಾನೆ.

ಸೋತದ್ದೆಲ್ಲಿ, ಉಳಿದದ್ದೇನು?

ತಾಯ್ನೆಲದ ಮೇಲೆ ಪ್ರಭಾವ ಬೀರಲು ಟಿಬೆಟನ್ನರು ಹಿಡಿಯದ ದಾರಿಯಿಲ್ಲ. ನೇಪಾಳದ ಮುಸ್ತಾಂಗ್‌ನಲ್ಲಿ ಅಮೆರಿಕದ ಸಿಐಎ ನೆರವಿನಿಂದ ನಡೆದ ಗೆರಿಲ್ಲಾ ನೆಲೆ, ಅಮೆರಿಕ ಚೀನಾದ ಕಡೆಗೆ ವಾಲಿದ ಮೇಲೆ, 1974ರಲ್ಲಿ ಮುಚ್ಚಿತು. ಸ್ವಾತಂತ್ರ್ಯದ ಬೇಡಿಕೆ ಬಿಟ್ಟು ಚೀನಾದೊಳಗೇ ನಿಜವಾದ ಸ್ವಾಯತ್ತತೆ ಸಾಕು ಎಂಬ ‘ಮಧ್ಯಮ ಮಾರ್ಗ’ವನ್ನು ದಲೈಲಾಮಾ 1988ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಜಗತ್ತಿನ ಮುಂದಿಟ್ಟರು. ಮರುವರ್ಷ ನೊಬೆಲ್ ಶಾಂತಿ ಪುರಸ್ಕಾರ ಬಂತು. 2002ರಿಂದ 2010ರವರೆಗೆ ಅವರ ಪ್ರತಿನಿಧಿಗಳು ಚೀನಾದ ಜತೆ ಒಂಬತ್ತು ಸುತ್ತು ಮಾತುಕತೆಗೆ ಕೂತರು. ಕೈಗೆ ಏನೂ ದಕ್ಕಲಿಲ್ಲ. 2008ರಲ್ಲಿ ಟಿಬೆಟ್ ಉದ್ದಗಲಕ್ಕೂ ಜನ ಬೀದಿಗಿಳಿದರು. 2009ರಿಂದೀಚೆಗೆ 150ಕ್ಕೂ ಹೆಚ್ಚು ಟಿಬೆಟನ್ನರು ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಬಿಗಿ ಇನ್ನಷ್ಟು ಹೆಚ್ಚಿತೇ ಹೊರತು ಸಡಿಲವಾಗಲಿಲ್ಲ.

ಕನ್ನಡಿಗರಿಗೆ ಇಂಥ ಹೋರಾಟ ಹೊಸದಲ್ಲ. 1947–48ರಲ್ಲಿ ಹೈದರಾಬಾದ್ ನಿಜಾಮನ ಆಡಳಿತಕ್ಕೆ ಸಿಕ್ಕ ಬೀದರ್, ಕಲಬುರಗಿ, ರಾಯಚೂರಿನ ಹೋರಾಟಗಾರರು ಮನೆಮಠ ಬಿಟ್ಟು ಗಡಿ ದಾಟಿ ಬಂದಿದ್ದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಕಟ್ಟಿ ಅಲ್ಲಿಂದಲೇ ರಜಾಕಾರರನ್ನು ಎದುರಿಸಿದರು. ಅವರ ಬೆನ್ನಿಗೆ ಸ್ವತಂತ್ರ ಭಾರತವಿತ್ತು. 1948ರ ಸೆಪ್ಟೆಂಬರಿನಲ್ಲಿ ಸೈನ್ಯ ನುಗ್ಗಿದ ಐದೇ ದಿನಕ್ಕೆ ನಿಜಾಮ ಶರಣಾದ, ಹೋರಾಟಗಾರರು ಊರಿಗೆ ಮರಳಿದರು. ಟಿಬೆಟನ್ನರ ಪರವಾಗಿ ಹಾಗೆ ಗಡಿ ದಾಟುವ ಸೈನ್ಯ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದಲೇ ಅವರ ಹೋರಾಟವನ್ನು ಬೇರೆ ಅಳತೆಗೋಲಿನಿಂದ ಅಳೆಯಬೇಕು.

ಆ ಅಳತೆಗೋಲು ಬೈಲಕುಪ್ಪೆಯ ಮಠಗಳಲ್ಲೇ ಇದೆ. ಲಾಸಾದ ಮಹಾಮಠ ಸೆರಾ ಇಲ್ಲಿ ಮರುಹುಟ್ಟು ಪಡೆದಿದೆ. ಡ್ರೆಪುಂಗ್, ಗಾಂಡೆನ್ ಮುಂಡಗೋಡದಲ್ಲಿವೆ. ಟಿಬೆಟ್‌ನಿಂದ ಬಂದ ಭಿಕ್ಷುಗಳು ಹತ್ತು ವರ್ಷ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆಯಲ್ಲಿ, ಕ್ಷಯರೋಗದೊಂದಿಗೆ ಸೆಣಸುತ್ತಲೇ ಪಾಠ ಮುಂದುವರಿಸಿದ್ದರು. ಇಂದು ಸೆರಾದ ಅಂಗಳದಲ್ಲಿ ಸಂಜೆ ಹೊತ್ತು ತರ್ಕದ ಪಾಠ ನಡೆಯುತ್ತದೆ. ಒಬ್ಬ ಕೂತಿರುತ್ತಾನೆ. ಎದುರಿಗೆ ನಿಂತವ ಎಡಗಾಲು ಅಪ್ಪಳಿಸಿ, ಕೈಗೆ ಕೈ ಬಡಿದು ಪ್ರಶ್ನೆ ಎಸೆಯುತ್ತಾನೆ. ಉತ್ತರ ತಪ್ಪಿದರೆ ಸುತ್ತ ನೆರೆದವರೆಲ್ಲ ಹೋ ಎನ್ನುತ್ತಾರೆ. ಲಾಸಾದ ಸೆರಾದಲ್ಲಿ ಕೆಲವೇ ನೂರು ಭಿಕ್ಷುಗಳಿಗೆ ಅವಕಾಶವಿದ್ದರೆ, ಇಲ್ಲಿ ಸಾವಿರಾರು ಜನ ಕಲಿಯುತ್ತಿದ್ದಾರೆ. ಟಿಬೆಟ್‌ನಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಚೀನೀ ಭಾಷೆಯ ವಸತಿ ಶಾಲೆಗಳಿಗೆ ಸೇರಿಸಲಾಗಿದೆ ಎಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಆತಂಕ ಪಟ್ಟಿದ್ದರು. ಈ ಹಿನ್ನೆಲೆಯಲ್ಲಿ ಬೈಲಕುಪ್ಪೆಯ ಶಾಲೆಯಲ್ಲಿ ಮಗುವೊಂದು ಟಿಬೆಟನ್ ಅಕ್ಷರ ತಿದ್ದುವುದೂ ರಾಜಕೀಯವೇ.

ಇದರ ಪ್ರಭಾವ ಗಡಿಯಾಚೆ ತಟ್ಟಿದೆಯೇ ಎಂದು ತಿಳಿಯಲು ಬೀಜಿಂಗ್‌ನ ನಡೆಯನ್ನೇ ನೋಡಬೇಕು. ದಲೈಲಾಮಾ 1995ರ ಮೇ 14ರಂದು ಆರು ವರ್ಷದ ಗೆಧುನ್ ಚೋಕಿ ನ್ಯಿಮಾನನ್ನು ಪಂಚೆನ್ ಲಾಮಾ, ಅಂದರೆ ತಮ್ಮ ನಂತರದ ಹಿರಿಯ ಧರ್ಮಗುರು, ಎಂದು ಗುರುತಿಸಿದರು. ಮೂರೇ ದಿನಕ್ಕೆ ಚೀನಾ ಆ ಬಾಲಕನನ್ನೂ ಅವನ ಹೆತ್ತವರನ್ನೂ ಕರೆದೊಯ್ದಿತು. ಆ ನಂತರ ಹೊರಜಗತ್ತು ಅವನನ್ನು ಕಂಡಿಲ್ಲ. ಪಂಚೆನ್ ಲಾಮಾ ಪೀಠವಾದ ತಾಶಿ ಲುನ್ಪೊ ಮಠ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿದೆ. ದೇವರನ್ನೇ ಒಪ್ಪದ ಕಮ್ಯುನಿಸ್ಟ್ ಪಕ್ಷದ ಸರ್ಕಾರ, ಲಾಮಾಗಳ ಪುನರ್ಜನ್ಮಕ್ಕೆ ತನ್ನ ಅನುಮತಿ ಬೇಕೆಂದು 2007ರಲ್ಲಿ ಆದೇಶ ಹೊರಡಿಸಿತು. ಟಿಬೆಟನ್ನರ ಮನಸ್ಸು ಇನ್ನೂ ತನ್ನ ಕೈಗೆ ಸಿಕ್ಕಿಲ್ಲ ಎಂಬ ಅರಿವು ಇಲ್ಲದ ಸರ್ಕಾರ ಇಷ್ಟೊಂದು ಭಯಪಡುವುದಿಲ್ಲ.

ನಮ್ಮ ಪಾಲಿನ ಹೊಣೆ

ಮುಂದಿನ ದಾರಿ ಸಲೀಸಲ್ಲ. ಒಂದು ಕಾಲಕ್ಕೆ ವರ್ಷಕ್ಕೆ ಎರಡು, ಮೂರು ಸಾವಿರ ಜನ ಹಿಮಾಲಯ ದಾಟಿ ಬರುತ್ತಿದ್ದರು. 2008ರ ನಂತರ ಗಡಿ ಬಿಗಿಯಾಗಿ ಬರುವವರು ಬೆರಳೆಣಿಕೆಗೆ ಇಳಿದಿದ್ದಾರೆ. ಇಲ್ಲಿ ಹುಟ್ಟಿದ ಯುವಕರು ಕೆನಡಾ, ಅಮೆರಿಕ, ಯುರೋಪಿನ ದಾರಿ ಹಿಡಿಯುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ತಗ್ಗುತ್ತಿದೆ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಅದರ ಬಿಸಿ ಇವರಿಗೂ ತಟ್ಟಿತು.

ಪೌರತ್ವದ ಸಂಕಟ ಬೇರೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ಪಷ್ಟವಾಗಿ ಹೇಳಿತು. ಪೌರತ್ವ ಪಡೆದರೆ ಸಾಲ, ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಆದರೂ ಹಲವರು ನಿರಾಶ್ರಿತರ ನೋಂದಣಿ ಪತ್ರವನ್ನೇ ಇಟ್ಟುಕೊಂಡಿದ್ದಾರೆ. ಅದನ್ನು ಬಿಟ್ಟರೆ ತಾಯ್ನೆಲದ ಹಕ್ಕನ್ನೇ ಬಿಟ್ಟಂತೆ ಎಂಬ ಭಾವನೆ ಅವರದು. ಆ ಆಯ್ಕೆಯನ್ನು ನಾವು ಗೌರವಿಸಬೇಕು. ಪೌರತ್ವ ಬೇಕೆಂದವರಿಗೆ ಕಾನೂನು ಕೊಟ್ಟಿದ್ದನ್ನು ಕಚೇರಿಯ ಕಿಟಕಿ ಕಸಿಯಬಾರದು.

2025ರ ಜುಲೈ 2ರಂದು, ತೊಂಬತ್ತು ತುಂಬುವ ನಾಲ್ಕು ದಿನ ಮುಂಚೆ, ದಲೈಲಾಮಾ ಅವರು ತಮ್ಮ ಪರಂಪರೆ ಮುಂದುವರಿಯುತ್ತದೆ, ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಗಾಡೆನ್ ಫೊದ್ರಾಂಗ್ ಟ್ರಸ್ಟ್‌ನದು ಮಾತ್ರ ಎಂದು ಘೋಷಿಸಿದರು. ಮುಂದೊಂದು ದಿನ ಚೀನಾ ತನ್ನದೇ ದಲೈಲಾಮಾನನ್ನು ಮುಂದಿಟ್ಟಾಗ ಬೇಡವೆನ್ನುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಏಳುತ್ತದೆ. ಹೊಸ ದಲೈಲಾಮಾ ಬೆಳೆದು ದೊಡ್ಡವರಾಗುವವರೆಗಿನ ಸುಮಾರು ಇಪ್ಪತ್ತು ವರ್ಷ ಚಳವಳಿಯನ್ನು ಹಿಡಿದು ನಿಲ್ಲಿಸಬೇಕಾದದ್ದು ಸೆರಾ, ತಾಶಿ ಲುನ್ಪೊಗಳ ವಿದ್ವಾಂಸರು ಮತ್ತು ಹಸಿರು ಪುಸ್ತಕ ಹಿಡಿದು ಸಾಲಿನಲ್ಲಿ ನಿಂತ ಮತದಾರರು.

ಅಷ್ಟು ಕಾಲ ಅವರು ಇಲ್ಲಿ ಉಳಿಯಬೇಕಾದರೆ ಜಮೀನಿನ ಗುತ್ತಿಗೆ ಗಟ್ಟಿಯಾಗಿರಬೇಕು. 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಹೇಳಿದ ಸೌಲಭ್ಯಗಳು ಕಾಗದದಿಂದ ಕ್ಯಾಂಪ್‌ಗೆ ಇಳಿಯಬೇಕು. ಅವರ ಮಕ್ಕಳಿಗೆ ನಮ್ಮ ಕಾಲೇಜು, ಕಾರ್ಖಾನೆಗಳ ಬಾಗಿಲು ತೆರೆದಿರಬೇಕು. ಚೀನಾದ ಮೇಲಿನ ಜಗತ್ತಿನ ಅಪನಂಬಿಕೆಯಿಂದ ನರಸಾಪುರಕ್ಕೆ ಕೆಲಸ ಬಂದಿದೆ. ಅದೇ ಚೀನಾದಿಂದ ಎಲ್ಲವನ್ನೂ ಕಳೆದುಕೊಂಡು ಬಂದವರಿಗೆ 1960ರಲ್ಲಿ, ಇಂದಿಗಿಂತ ಎಷ್ಟೋ ಬಡವಾಗಿದ್ದ ನಾಡು ಜಾಗ ಕೊಟ್ಟಿತ್ತು. ಇಂದಿನ ಕರ್ನಾಟಕಕ್ಕೆ ಆ ಮಾತು ಉಳಿಸಿಕೊಳ್ಳುವುದು ಭಾರವಾಗಬಾರದು.