ರಾಜ್ಯಾಂಗವೂ ಜೀತವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವನ್ನು 1787ರಲ್ಲಿ ರಚಿಸಿದ ಮಹನೀಯರು ‘ಗುಲಾಮ’ ಎಂಬ ಮಾತನ್ನು ಅದರಲ್ಲಿ ಎಲ್ಲಿಯೂ ಬಳಸಲಿಲ್ಲ. ಮಾತನ್ನು ಬಿಟ್ಟರೇ ಹೊರತು ಪದ್ಧತಿಯನ್ನು ಬಿಡಲಿಲ್ಲ. ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ‘ಇತರ ವ್ಯಕ್ತಿಗಳ’ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿದರು. ಓಡಿಹೋದವನನ್ನು ಒಡೆಯನಿಗೆ ಒಪ್ಪಿಸತಕ್ಕದ್ದೆಂದು ವಿಧಿಸಿದರು. ಗುಲಾಮಗಿರಿಯ ಹೆಸರು ಆ ರಾಜ್ಯಾಂಗದೊಳಕ್ಕೆ ಬಂದದ್ದು 1865ರಲ್ಲಿ, ಅದನ್ನು ನಿಷೇಧಿಸಿದ 13ನೆಯ ತಿದ್ದುಪಡಿಯೊಡನೆ.

ನಮ್ಮ ರಾಜ್ಯಾಂಗ ಹೀಗೆ ರಾಜಿಮಾಡಿಕೊಳ್ಳಲಿಲ್ಲ. ಮೈಸೂರಿನ ಮಹಾರಾಜರು 1949ರ ನವೆಂಬರ್ 25ರ ಘೋಷಣೆಯಿಂದ ನಮ್ಮ ಸಂಸ್ಥಾನಕ್ಕೂ ಅಂಗೀಕರಿಸಿದ ಆ ರಾಜ್ಯಾಂಗದ 23ನೆಯ ಅನುಚ್ಛೇದವು ಮನುಷ್ಯರ ಕ್ರಯವಿಕ್ರಯವನ್ನೂ, ಬಿಟ್ಟಿಯನ್ನೂ, ಅಂತಹ ಬಲವಂತದ ಇತರ ದುಡಿಮೆಗಳನ್ನೂ ನಿಷೇಧಿಸಿತು. ಸರ್ಕಾರ ಮಾತ್ರವಲ್ಲದೆ ಖಾಸಗಿ ಮನುಷ್ಯನೂ ಇದಕ್ಕೆ ಬದ್ಧನು. ಹೀಗಿದ್ದರೂ ಜೀತವೇಕೆ ಉಳಿಯಿತೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ.

ಜೀತವೆಂದರೇನೆಂಬುದನ್ನು ಮೊದಲು ನೋಡೋಣ. ಇಲ್ಲಿ ಸಂತೆಯೂ ಇಲ್ಲ, ಸಂಕೋಲೆಯೂ ಇಲ್ಲ, ಇರುವುದೊಂದು ಸಾಲ. ಮಗನ ಮದುವೆಗೋ ಮನೆಯವರ ಕಾಯಿಲೆಗೋ ಬಡವನೊಬ್ಬನು ಧಣಿಯಿಂದ ಹಣ ತರುತ್ತಾನೆ. ಅದು ತೀರುವವರೆಗೆ ತಾನೋ ತನ್ನ ಹುಡುಗನೋ ಧಣಿಯ ಕೊಟ್ಟಿಗೆಯಲ್ಲಿ, ಹೊಲದಲ್ಲಿ ದುಡಿಯುವುದೆಂದು ಮಾತು. ದುಡಿಮೆಯೆಲ್ಲ ಬಡ್ಡಿಗೆ ಸಂದುಹೋಗುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಜ್ವರದಿಂದ ಮಲಗಿದ ದಿನಗಳೂ, ವರ್ಷಕ್ಕೊಮ್ಮೆ ಕೊಟ್ಟ ಕಂಬಳಿಯೂ ಸಾಲದ ಲೆಕ್ಕಕ್ಕೆ ಏರುತ್ತವೆ. ಲೆಕ್ಕ ಬರೆಯುವವನು ಧಣಿ. ದುಡಿಯುವವನಿಗೆ ಓದು ಬಾರದು. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಓದಿದವರು ಬಲ್ಲರಷ್ಟೆ: ಕಾಫಿ ತೋಟದ ಸಾಲಕ್ಕಾಗಿ ಚೋಮನು ತನ್ನ ಮಕ್ಕಳನ್ನೇ ಘಟ್ಟಕ್ಕೆ ಕಳುಹಿಸಬೇಕಾಯಿತು.

ಮನುಷ್ಯನನ್ನು ಗುಲಾಮನೆಂದು ಕೊಳ್ಳುವುದೂ ಮಾರುವುದೂ 1860ರ ದಂಡಸಂಹಿತೆಯಲ್ಲಿಯೇ ಅಪರಾಧವಾಗಿತ್ತು. ಜೀತದಲ್ಲಾದರೋ ಕೊಂಡವರೂ ಇಲ್ಲ, ಮಾರಿದವರೂ ಇಲ್ಲ. ರಾಜ್ಯಾಂಗ ಬಂದಮೇಲೆಯೂ ಧಣಿಯು, “ಅವನು ನಮಗೆ ಸಾಲಗಾರ, ಅಷ್ಟೆ” ಎಂದುಬಿಡಬಹುದಾಗಿತ್ತು. ಸಾಲವಿದ್ದದ್ದು ಸುಳ್ಳಲ್ಲವಲ್ಲ! ಮೇಲಾಗಿ, 23ನೆಯ ಅನುಚ್ಛೇದವನ್ನು ಮೀರಿದವರಿಗೆ ಶಿಕ್ಷೆಯನ್ನು ಗೊತ್ತುಮಾಡುವ ಕೆಲಸವನ್ನು 35ನೆಯ ಅನುಚ್ಛೇದವು ಪಾರ್ಲಿಮೆಂಟಿಗೆ ಬಿಟ್ಟಿತ್ತು. ಜೀತದ ವಿಷಯದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಈ ವಿಳಂಬಕ್ಕೆ ನಾವು ಯಾವ ಸಮಾಧಾನವನ್ನೂ ಹೇಳಲಾರೆವು.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಶಾಸನವಾದ ಈ ಕಾನೂನು ನೇರವಾಗಿ ಸಾಲಕ್ಕೇ ಕೈಹಾಕಿತು. ಜೀತದ ಸಾಲವೆಲ್ಲ ರದ್ದು. ಹಾಗೆ ರದ್ದಾದ ಸಾಲದ ಬಾಬ್ತು ಜೀತಗಾರನು ತಾನಾಗಿ ಹಣ ತಂದುಕೊಟ್ಟರೂ ಅದನ್ನು ಪಡೆದ ಧಣಿ ಅಪರಾಧಿ. ಜೀತಕ್ಕೆ ದೂಡಿದವನಿಗೆ ಮೂರು ವರ್ಷಗಳವರೆಗೆ ಸೆರೆ, ಎರಡು ಸಾವಿರ ರೂಪಾಯಿಯವರೆಗೆ ದಂಡ. ಇದು ಜೀತದ ಸಾಲವೆಂದು ಬಡವನು ಹೇಳಿದರೆ, ಅಲ್ಲವೆಂದು ಸಾಧಿಸುವ ಹೊಣೆ ಧಣಿಯದೇ. ದೇಶದ ಮೂಲೆಮೂಲೆಗಳಲ್ಲಿ ಈ ಪದ್ಧತಿಗಿದ್ದ ಹೆಸರುಗಳನ್ನೂ ಶಾಸನ ಒಂದೊಂದಾಗಿ ಎಣಿಸುತ್ತದೆ. ಆ ಪಟ್ಟಿಯಲ್ಲಿ ‘ಜೀತ’ವೆಂಬ ನಮ್ಮ ಮಾತೂ ಸೇರಿದೆ. ಇಂಗ್ಲಿಷಿನ ಶಾಸನದಲ್ಲಿ ಅದನ್ನು ಮೊದಲು ಕಂಡಾಗ ನಮಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು.

ಧಣಿಗೆ ಇನ್ನೊಂದು ವಾದ ಉಳಿದಿತ್ತು: “ಯಾರೂ ಎಳೆದು ತರಲಿಲ್ಲ, ಅವನಾಗಿಯೇ ಬಂದ.” ಏಷ್ಯನ್ ಕ್ರೀಡೆಗಳಿಗಾಗಿ ದೆಹಲಿಯಲ್ಲಿ ದುಡಿಯುತ್ತಿದ್ದ ಕಟ್ಟಡದ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಇದಕ್ಕೂ ಉತ್ತರ ಕೊಟ್ಟಿತು. ಹಸಿವಿನಿಂದ ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನ ದುಡಿಮೆಯೂ 23ನೆಯ ಅನುಚ್ಛೇದದ ಅರ್ಥದಲ್ಲಿ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯವು ತೀರ್ಮಾನಿಸಿತು.