ಹಗೇವು ಬರಿದಾದ ವರ್ಷಗಳು

ಮಾಗಡಿ, ಕನಕಪುರದ ಕಡೆ ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ, ಕಾಪಿಡುತ್ತಿದ್ದರು. ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳದು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು.

ಹಗೇವು ಇದ್ದ ಮನೆಗೆ ಒಂದು ವರ್ಷದ ಬರ ದೊಡ್ಡದಲ್ಲ. ಆದರೆ 1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಪೂರ್ತಿ ಕೈಕೊಟ್ಟಿತು, 1877ರಲ್ಲೂ ಸೆಪ್ಟೆಂಬರಿನವರೆಗೆ ಸತಾಯಿಸಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೆ ದಾಟಿದ್ದರಿಂದ ಇದು ಧಾತು ಈಶ್ವರ ಬರ. ಹಗೇವು ಇಲ್ಲದ ಕೂಲಿಯವರು, ಮಗ್ಗದವರು ಮೊದಲೇ ಕಂಗೆಟ್ಟಿದ್ದರು. ಈಗ ಹಿಡುವಳಿದಾರರೂ ಬೆಂಗಳೂರಿನ ದಾರಿ ಹಿಡಿದರು.

ಕಾಳು ಇರಲೇ ಇಲ್ಲವೆಂದಲ್ಲ. ಮದ್ರಾಸಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದಾಚೆಗೆ ಹಳಿಯಿಲ್ಲ, ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸತ್ತಿದ್ದವು. ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ರಾಮನಗರ ಬೆಂಗಳೂರಿನಿಂದ ಐವತ್ತೇ ಕಿಲೋಮೀಟರ್. ದಾರಿಯಿಂದ ಒಳಗಿದ್ದ ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಹಳ್ಳಿಗಳ ಪಾಡು ಊಹಿಸಿಕೊಳ್ಳಬಹುದು. ಬಂದ ಕಾಳಿನ ಬೆಲೆಯೂ ಕೂಲಿಯವನ ಕೈಗೆಟುಕುತ್ತಿರಲಿಲ್ಲ.

ಐರ್ಲೆಂಡಿನಲ್ಲೂ ಹೀಗೆಯೇ. 1845ರಿಂದ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿ ಬಡವರ ಊಟವೇ ಕೊಳೆತುಹೋಯಿತು. ಆದರೂ ಅಲ್ಲಿನ ಓಟ್ಸ್, ದನಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಮಾರುಕಟ್ಟೆಗೆ ಸರ್ಕಾರ ಕೈಹಾಕಬಾರದೆಂದು ಅಲ್ಲಿ ಪಟ್ಟು ಹಿಡಿದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. 1859ರಲ್ಲಿ ಈತನೇ ಮದ್ರಾಸಿನ ಗವರ್ನರ್ ಆಗಿ ಬಂದ. ನಮ್ಮ ಬರದ ಹೊತ್ತಿಗೆ ಆತ ಇಲ್ಲಿರಲಿಲ್ಲ, ಆತನ ಲೆಕ್ಕಾಚಾರ ಮಾತ್ರ ಇತ್ತು. ಮದ್ರಾಸಿನ ಪರಿಹಾರ ಕೆಲಸಗಳಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು. ದಿನವಿಡೀ ಮಣ್ಣು ಹೊರುವವನಿಗೆ ಸುಮಾರು 450 ಗ್ರಾಂ!

ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1871ರಲ್ಲಿ 50,55,412 ಇದ್ದ ಇಲ್ಲಿನ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿದಿತ್ತು. ಹಸಿವಿನ ಜೊತೆ ಕಾಲರಾ ಕೂಡ ಬಂದಿತ್ತು.

ಬೆಂಗಳೂರು–ಮೈಸೂರು ರೈಲುದಾರಿಗೆ ಮಣ್ಣು ಏರಿಸಿದ್ದು ಈ ಬರದ ಪರಿಹಾರ ಕೆಲಸವಾಗಿ. ಕಾಳು ಬೇಕಿದ್ದಾಗ ಇಲ್ಲದ ದಾರಿ, 1881ರಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಮುಟ್ಟಿತು. ಅದೇ ವರ್ಷ ಮಾರ್ಚ್ 25ರಂದು ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದಾಗ, ಬರದ ಖರ್ಚಿನಿಂದಾದ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೇ ಒಪ್ಪಿಸಿದರು. ಅದನ್ನು ತೀರಿಸಬೇಕಾಗಿದ್ದ ಬೊಕ್ಕಸಕ್ಕೆ ದೊಡ್ಡ ಆದಾಯವೆಂದರೆ ಬದುಕಿ ಉಳಿದ ರೈತರು ಕಟ್ಟುವ ಕಂದಾಯ.